ಹಲ್ ಬಂದರಿನಿಂದ ಟಾಟೆನ್‌ಹ್ಯಾಮ್‌ಗೆ: ಲೆಬಸ್ ಮನೆತನದ ಮರಗೆಲಸದ ಜಾಡು ಹಿಡಿದು ನಾಲ್ಕು ದಿನ

ದಿನ 1: ಹಲ್

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಹಲ್‌ಗೆ ನೇರ ರೈಲಿನಲ್ಲಿ ಎರಡೂವರೆ ತಾಸು ಚಿಲ್ಲರೆ. ರೈಲು ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಹಿಡಿಯಬೇಕು. ಕೊನೆಯ ಹದಿನೈದಿಪ್ಪತ್ತು ನಿಮಿಷ ಹಂಬರ್ ನದೀಮುಖ ಪಕ್ಕದಲ್ಲೇ ಬರುತ್ತದೆ. ನೀರು ರಾಗಿ ಅಂಬಲಿಯ ಬಣ್ಣ. ಆಚೆ ದಡ ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ತಲೆಯ ಮೇಲೆ ಹಂಬರ್ ಸೇತುವೆ ಹಾದುಹೋಯಿತೆಂದರೆ ಚೀಲ ಇಳಿಸಿಕೊಳ್ಳುವ ಹೊತ್ತು.

ಈ ಊರಿಗೆ ಬಂದದ್ದು ಲೂಯಿಸ್ ಲೆಬಸ್ ಎಂಬ ಬಡಗಿಯ ಕಾರಣಕ್ಕೆ. ಬ್ರೆಸ್ಲಾವ್ ಕಡೆಯ ಯಹೂದಿ. ಆಗ ಅದು ಪ್ರಷ್ಯಾ, ಈಗ ಪೋಲೆಂಡಿನ ವ್ರೋತ್ಸ್ವಾಫ್. 1840ರ ದಶಕದಲ್ಲಿ ಆತ ಹಲ್‌ನಲ್ಲಿ ಹಡಗಿನಿಂದ ಇಳಿದ. ಮಗ ಹ್ಯಾರಿಸ್ ಹುಟ್ಟಿದ್ದೂ ಇಲ್ಲೇ, 1852ರಲ್ಲಿ. ಮುಂದೆ ಅದೇ ಮಗನ ಹೆಸರಿನ ಕಂಪನಿ ಜಗತ್ತಿನಲ್ಲೇ ಅತಿ ದೊಡ್ಡ ಫರ್ನಿಚರ್ ಕಾರ್ಖಾನೆ ಅನ್ನಿಸಿಕೊಂಡಿತು. ಹಲ್‌ನಲ್ಲಿ ಅದರ ಗುರುತು ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಮರದ ಗುರುತು.

ಸ್ಟೇಷನ್ನಿನ ಮಗ್ಗುಲಲ್ಲೇ 1871ರಲ್ಲಿ ಕಟ್ಟಿದ ವಲಸಿಗರ ತಂಗುಕೋಣೆ ಇದೆ. ಯುರೋಪಿನಿಂದ ಇಳಿದವರು ಇಲ್ಲಿ ಕಾದಿದ್ದು ರೈಲು ಹತ್ತಿ ಲಿವರ್‌ಪೂಲ್‌ಗೆ, ಅಲ್ಲಿಂದ ಅಮೆರಿಕಕ್ಕೆ ಹೋಗುತ್ತಿದ್ದರು. ಹೆಚ್ಚಿನವರಿಗೆ ಹಲ್ ಅಂದರೆ ಒಂದು ರಾತ್ರಿಯ ಊರು. ನಿಂತವರು ಹಳೇ ಊರಿನ ಪೋಸ್ಟರ್ನ್‌ಗೇಟ್, ರಾಬಿನ್ಸನ್ ರೋ ಥರದ ಓಣಿಗಳಲ್ಲಿ ಪ್ರಾರ್ಥನಾ ಮಂದಿರ ಮಾಡಿಕೊಂಡು, ಗಡಿಯಾರ, ಬಟ್ಟೆ, ಮರಗೆಲಸ ಹಿಡಿದರು. ಓಣಿಗಳಲ್ಲಿ ಕಲ್ಲುಹಾಸು ಹಾಗೇ ಇದೆ. ಮಳೆ ಬಂದರೆ ಜಾರುತ್ತದೆ. ಸೋಲ್ ಸವೆದ ಚಪ್ಪಲಿ ಬೇಡ.

ಬಡಗಿಗೆ ಹಲ್ ಯಾಕೆ ಹಿಡಿಸಿರಬಹುದು ಎನ್ನುವುದು ನದಿಯ ದಂಡೆಯಲ್ಲಿ ನಡೆದರೆ ತಾನೇ ತಿಳಿಯುತ್ತದೆ. 1850ರಲ್ಲಿ ತೆರೆದ ವಿಕ್ಟೋರಿಯಾ ಡಾಕ್ ಹೆಚ್ಚಾಗಿ ಮರಕ್ಕೆಂದೇ ಇದ್ದ ಡಾಕ್. ಬಾಲ್ಟಿಕ್ ಕಡೆಯ ಪೈನ್, ಸ್ಪ್ರೂಸ್ ಹಲಗೆಗಳು ಹಡಗುಗಟ್ಟಲೆ ಬಂದಿಳಿಯುತ್ತಿದ್ದವು. ಈಗ ಅಲ್ಲಿ ಸಾಲು ಮನೆಗಳ ಬಡಾವಣೆ ಎದ್ದಿದೆ. ಅಂದಿನ ಬೀರುವಿಗೆ ಹೊರಗೆ ಮಹೋಗನಿ ಕಂಡರೂ ಒಳಗಿನ ಅಸ್ಥಿಪಂಜರ ಈ ಅಗ್ಗದ ಪೈನ್‌ನದೇ. ಅದರ ಮೇಲೆ ಅಂಟಿಸುವ ಚೆಲುವಿನ ಪದರಕ್ಕೆ ವಿನಿಯರ್ ಅನ್ನುತ್ತಾರೆ. ಗರಗಸದಲ್ಲಿ ಸೀಳಿದ ಹಳೇ ವಿನಿಯರ್ ಒಂದೂವರೆ ಮಿಲಿಮೀಟರ್ ದಪ್ಪ ಇರುತ್ತದೆ. ಅಲಗಿನಲ್ಲಿ ಹೆರೆದು ತೆಗೆದ ಮೇಲಿನ ಕಾಲದ್ದು ಅದರ ಅರ್ಧವೂ ಇಲ್ಲ. ಹಳೇ ಸಾಮಾನು ಕೊಳ್ಳುವವರು ಬಾಗಿಲಿನ ಅಂಚನ್ನು ಉಗುರಿನಲ್ಲಿ ಸವರಿ ನೋಡುವುದು ಈ ದಪ್ಪಕ್ಕಾಗಿ. ತೆಳ್ಳಗಿನದನ್ನು ಮತ್ತೆ ಉಜ್ಜಿ ಹೊಳಪು ಕೊಡಲು ಹೋದರೆ ಎರಡನೇ ಸಲಕ್ಕೆ ಪೈನ್ ಹಲ್ಲು ಕಿರಿಯುತ್ತದೆ.

ಮಧ್ಯಾಹ್ನದ ಊಟಕ್ಕೆ ಇಲ್ಲಿಯದೇ ತಿಂಡಿ ಪ್ಯಾಟಿ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಸೇಜ್ ಸೊಪ್ಪು ಕಲಸಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ನಮ್ಮ ಆಲೂ ಬೋಂಡಾದ ದೂರದ ನೆಂಟ, ಒಗ್ಗರಣೆ ಮರೆತವನು. ಮೇಲೆ ಚಿಪ್ ಸ್ಪೈಸ್ ಎಂಬ ಕೆಂಪು ಉಪ್ಪು-ಪುಡಿ ಉದುರಿಸುತ್ತಾರೆ. ಸಸ್ಯಾಹಾರಿಗಳು ಒಂದು ಮಾತು ಕೇಳಿಯೇ ತಿನ್ನಬೇಕು: ಯಾರ್ಕ್‌ಶೈರ್ ಕಡೆ ಬಹಳ ಅಂಗಡಿಗಳಲ್ಲಿ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಮೊದಲನೇ ಅಂಗಡಿಯಾಕೆ ನಕ್ಕು, “ಇಲ್ಲಿ ಬೇಡ, ಮುಂದಿನ ತಿರುವಿನಲ್ಲಿ ಎಣ್ಣೆ ಬಳಸ್ತಾರೆ, ಅಲ್ಲಿಗೆ ಹೋಗಿ” ಅಂದಳು.

ಸಂಜೆ ವಿಕ್ಟೋರಿಯಾ ಪಿಯರ್‌ನ ಬೆಂಚಿನ ಮೇಲೆ ಗಾಳಿ ಕಿವಿಗೆ ಬಡಿಯುತ್ತಿತ್ತು. ನಾಯಿ ಹಿಡಿದು ಕೂತಿದ್ದ ಅಜ್ಜಿಯೊಬ್ಬರು ಸೇತುವೆ ಆಗುವ ತನಕ, ಅಂದರೆ 1981ರ ತನಕ, ಆಚೆ ದಡಕ್ಕೆ ಇಲ್ಲಿಂದಲೇ ದೋಣಿ ಇತ್ತು ಅಂದರು. ನೀರು ಇಳಿದಾಗ ಅದು ಮರಳಿನಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತಂತೆ. “ಬೇಗ ಹೋಗಬೇಕಾದವರು ಯಾರೂ ಹಲ್‌ಗೆ ಬರ್ತಿರಲಿಲ್ಲ ಬಿಡಿ” ಅಂದರು. ಲೂಯಿಸ್ ಕೂಡ ನಿಲ್ಲಲಿಲ್ಲ. 1850ರ ದಶಕದ ಕೊನೆಗೆ ಸಂಸಾರ ಸಮೇತ ಲಂಡನ್ನಿನ ವೈಟ್‌ಚಾಪೆಲ್ ಕಡೆ ಹೊರಟ. ಮರ ಸಿಗುವ ಊರು ಬೇರೆ, ಬೀರು ಮಾರುವ ಊರು ಬೇರೆ.

ದಿನ 2: ಶೋರ್ಡಿಚ್

ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಿಂದ ಉತ್ತರಕ್ಕೆ ಹತ್ತು ನಿಮಿಷ ನಡೆದರೆ ಕರ್ಟನ್ ರೋಡ್. ಈಗ ಕಾಫಿ ಅಂಗಡಿ, ಸಾಫ್ಟ್‌ವೇರ್ ಕಚೇರಿ, ಗೋಡೆ ತುಂಬ ಬಣ್ಣದ ಚಿತ್ರ. ಅವನ್ನು ಬಿಟ್ಟು ತಲೆ ಎತ್ತಿ ನೋಡಬೇಕು. ನೆಲ ಅಂತಸ್ತಿಗೆ ದೊಡ್ಡ ಗಾಜು. ಅದು ಸಗಟು ಶೋರೂಮು. ಮೇಲಿನ ಮಹಡಿಗಳಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು. ಅದು ಬೆಳಕಿಗಾಗಿ, ಅಂದರೆ ಕೆಲಸದ ಮನೆ. ಒಂದರ ಮೇಲೊಂದು ಪ್ರತಿ ಮಹಡಿಗೂ ಬೀದಿಗೆ ತೆರೆಯುವ ಬಾಗಿಲು, ಅದರ ಮೇಲೆ ಕಬ್ಬಿಣದ ತೋಳು. ಅದು ಬೀರು, ಮಂಚ ಇಳಿಸುವ ರಾಟೆ. ಚಾರ್ಲಟ್ ರೋಡ್, ರಿವಿಂಗ್ಟನ್ ಸ್ಟ್ರೀಟ್, ಗ್ರೇಟ್ ಈಸ್ಟರ್ನ್ ಸ್ಟ್ರೀಟ್, ಎಲ್ಲ ಕಡೆ ಇದೇ ನಕ್ಷೆ. ಭಾನುವಾರ ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ರಸ್ತೆ ಖಾಲಿ, ಕತ್ತು ನೋಯುವ ತನಕ ನೋಡಬಹುದು.

ಹತ್ತೊಂಬತ್ತನೇ ಶತಮಾನದಲ್ಲಿ ಈ ಓಣಿಗಳೆಲ್ಲ ಸೇರಿಯೇ ಒಂದು ಕಾರ್ಖಾನೆ. ಯಜಮಾನನಿಲ್ಲದ, ಗೋಡೆಯಿಲ್ಲದ ಕಾರ್ಖಾನೆ. ಡಾಕ್‌ನಿಂದ ರೀಜೆಂಟ್ಸ್ ಕಾಲುವೆ ಹಿಡಿದು ದೋಣಿಯಲ್ಲಿ ಬಂದ ದಿಮ್ಮಿ ಮೊದಲು ಸಾಮಿಲ್‌ಗೆ. ಅಲ್ಲಿ ಸೀಳಿಸಿಕೊಂಡ ಹಲಗೆ ತಳ್ಳುಗಾಡಿಯಲ್ಲಿ ಬಡಗಿಯ ಕೋಣೆಗೆ. ಕಾಲು ಕಡೆಯುವುದಿದ್ದರೆ ಚರಕಿ ಹಿಡಿಯುವವನ ಮನೆಗೆ, ಹೂಬಳ್ಳಿ ಬೇಕಿದ್ದರೆ ಕೆತ್ತುವವನ ಮನೆಗೆ, ಕನ್ನಡಿಯ ಅಂಚು ಓರೆ ಹಿಡಿಯಲು ಗಾಜಿನವನ ಮನೆಗೆ. ಕೊನೆಗೆ ಪಾಲಿಶ್. ಒಂದು ಡ್ರೆಸಿಂಗ್ ಟೇಬಲ್ ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಮೊದಲು ಐದಾರು ಸಲ ಬೀದಿ ದಾಟುತ್ತಿತ್ತು.

ದಾಟಿದಾಗೆಲ್ಲ ಏನಾದರೊಂದು ಕೆಡುತ್ತಿತ್ತು. ಮೂಲೆ ಜಜ್ಜುವುದು ಸಣ್ಣ ಮಾತು. ಮಳೆಯಲ್ಲಿ ಒದ್ದೆಯಾದ ಡ್ರಾಯರ್ ಉಬ್ಬಿ ಮನೆಯಲ್ಲೇ ಕಚ್ಚಿಕೊಳ್ಳುತ್ತದೆ. ಬಿಸಿ ಮಾಡಿ ಒಣಗಿಸಿದರೆ ಅಡಿಹಲಗೆ ಸೀಳುತ್ತದೆ. ಎಲ್ಲಕ್ಕಿಂತ ನಾಜೂಕು ಪಾಲಿಶ್. ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಲೀಟರಿಗೆ ಸುಮಾರು 250 ಗ್ರಾಂ ಚಕ್ಕೆ ಹಾಕಿದರೆ ಕೈಗೆ ಹದವಾಗಿ ಬರುತ್ತದೆ. ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಅಗಸೆ ಎಣ್ಣೆಯ ಒಂದು ಹನಿ ಮುಟ್ಟಿಸಿ, ಸುತ್ತು ಸುತ್ತಾಗಿ, ಎಲ್ಲೂ ನಿಲ್ಲಿಸದೆ ಎಳೆಯಬೇಕು. ನಿಂತಲ್ಲಿ ಕೆಳಗಿನ ಪದರ ಕರಗಿ ಕಿತ್ತು ಬರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದ ದಿನ ಮಾಡಿದರೆ ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಇಬ್ಬನಿ ಕೂತು ಬೂದು ಕಟ್ಟುತ್ತದೆ. ಲಂಡನ್ನಿನಲ್ಲಿ ತೇವವಿಲ್ಲದ ದಿನ ಎಷ್ಟು ಎಂದು ಕೇಳಬಾರದು. ಪಾಲಿಶ್ ಮನೆಗಳಲ್ಲಿ ಬೇಸಿಗೆಯಲ್ಲೂ ಒಲೆ ಉರಿಯುತ್ತಿದ್ದದ್ದು ಅದಕ್ಕೆ. ಆ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದ. ಚನ್ನಪಟ್ಟಣದಲ್ಲಿ ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿ ಉಜ್ಜಿದ ಬಿಸಿಗೇ ಬಣ್ಣ ಹಿಡಿಸುತ್ತಾರಲ್ಲ, ಅದೇ ವಸ್ತು. ಅಲ್ಲಿ ಸ್ಪಿರಿಟ್ ಇಲ್ಲ, ಹಾಗಾಗಿ ಬೂದಿನ ಕಾಟವೂ ಇಲ್ಲ.

ಅಂಟಿನ ಕಥೆಯೂ ಹಾಗೇ. ಚರ್ಮ, ಎಲುಬು ಬೇಯಿಸಿ ಮಾಡಿದ ಅಂಟನ್ನು ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕಾಯಿಸಬೇಕು. ಶಾಖ 60ರಿಂದ 65 ಡಿಗ್ರಿ ಸೆಲ್ಸಿಯಸ್. ಕುದಿ ಬಂದರೆ ಅಂಟಿನ ಕಸುವು ಹೋಯಿತು. ಸವರಿದ ಮೇಲೆ ಜೋಡಿಸಲು ಸಿಗುವುದು ಒಂದೆರಡು ನಿಮಿಷ. ಕೋಣೆ ತಣ್ಣಗಿದ್ದರೆ ಅಷ್ಟೂ ಇಲ್ಲ. ಮೇಲೆ ಕೆನೆ ಕಟ್ಟಿದ ಅಂಟಿನ ಮೇಲೆ ಮರ ಒತ್ತಿದರೆ ಆ ಕ್ಷಣಕ್ಕೆ ಹಿಡಿದಂತೆ ಕಂಡು, ಮನೆ ಸೇರಿದ ಆರು ತಿಂಗಳಿಗೆ ವಿನಿಯರ್ ಗುಳ್ಳೆ ಏಳುತ್ತದೆ. ಬೆರಳ ಗೆಣ್ಣಿನಲ್ಲಿ ತಟ್ಟಿದರೆ ಟೊಳ್ಳು ಸದ್ದು ಹೇಳಿಬಿಡುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿ, ತಣ್ಣಗಾಗುವ ತನಕ ಭಾರ ಹೇರಿದರೆ ಹೆಚ್ಚಿನ ಗುಳ್ಳೆಗಳು ಮತ್ತೆ ಕೂರುತ್ತವೆ. ಈ ಅಂಟಿನ ಒಳ್ಳೆಯ ಗುಣ ಅದು: ಕರಗುತ್ತದೆ, ಆದ್ದರಿಂದ ರಿಪೇರಿಗೆ ಬಗ್ಗುತ್ತದೆ.

1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ದಾಳಿಗಳಾದಾಗ ಸಾವಿರಾರು ಜನ ಈ ಓಣಿಗಳಿಗೆ ಬಂದರು. ಹೊಸಬರನ್ನು ಇಲ್ಲಿ ‘ಗ್ರೀನರ್’ ಅನ್ನುತ್ತಿದ್ದರು, ಹಸಿ ಕಾಯಿ ಅಂದಹಾಗೆ. ಒಂದು ಬೆಂಚು, ನಾಲ್ಕು ಉಳಿ, ಕೀಸುಳಿ ಇದ್ದರೆ ಯಾರೂ ಸಣ್ಣ ಯಜಮಾನ ಆಗಬಹುದಿತ್ತು. ಆರ್ಡರ್ ಇಲ್ಲದೆಯೇ ವಾರವಿಡೀ ಬೀರು ಮಾಡಿ, ವಾರದ ಕೊನೆಗೆ ತಳ್ಳುಗಾಡಿ ಮೇಲೆ ಕರ್ಟನ್ ರೋಡಿನ ಸಗಟು ವ್ಯಾಪಾರಿಗಳ ಬಾಗಿಲಿಗೆ ತರುವುದು. ಸಂಜೆಯಾಗುತ್ತಿದ್ದಂತೆ ಬೆಲೆ ಇಳಿಯುತ್ತಿತ್ತು, ಯಾಕೆಂದರೆ ಮುಂದಿನ ವಾರದ ಮರಕ್ಕೆ ಆ ದುಡ್ಡೇ ಬೇಕು. ಅಸಲು ಬಾರದಿದ್ದರೂ ಮಾರಿ ಹೋಗುತ್ತಿದ್ದರು. ಈ ‘ಬೆವರಿಳಿಸುವ’ ದುಡಿಮೆಯ ಬಗ್ಗೆ 1888ರಿಂದ ಎರಡು ವರ್ಷ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸಮಿತಿಯೇ ವಿಚಾರಣೆ ನಡೆಸಿತು.

ಲೂಯಿಸ್ ತೀರಿಹೋದದ್ದು 1879ರಲ್ಲಿ. ಹ್ಯಾರಿಸ್ ತಮ್ಮ ಸಾಲ್‌ನ ಜೊತೆ ಸೇರಿ 1880ರ ದಶಕದಲ್ಲಿ ಟ್ಯಾಬರ್ನೇಕಲ್ ಸ್ಟ್ರೀಟ್‌ಗೆ ಬಂದ. ಕರ್ಟನ್ ರೋಡಿನಿಂದ ಪಶ್ಚಿಮಕ್ಕೆ ಐದು ನಿಮಿಷದ ನಡಿಗೆ. ಇಕ್ಕಟ್ಟಾದ, ನೆರಳು ಹೆಚ್ಚಿರುವ ಬೀದಿ. ಹ್ಯಾರಿಸ್ ಹೊಸ ಥರದ ಕುರ್ಚಿಯನ್ನೇನೂ ಕಂಡುಹಿಡಿಯಲಿಲ್ಲ. ಬೀದಿಯಲ್ಲಿ ಹರಡಿದ್ದ ಈ ಅಷ್ಟೂ ಕೆಲಸಗಳನ್ನು ಒಂದೇ ಕಾಂಪೌಂಡಿನೊಳಗೆ ತಂದರೆ ತಳ್ಳುಗಾಡಿಯ ಖರ್ಚು, ಕೆಡುವ ಸಾಮಾನು, ಕಾಯುವ ಹೊತ್ತು ಮೂರೂ ಉಳಿಯುತ್ತವೆ ಎನ್ನುವುದು ಅವನ ಲೆಕ್ಕ. ಲೆಬಸ್ ಸಗಟು ತಯಾರಕ. ಸಾಮಾನು ಗಿರಾಕಿಯ ಮನೆ ಸೇರುವಾಗ ಅದರ ಮೇಲಿರುತ್ತಿದ್ದದ್ದು ಮಾರಿದ ಅಂಗಡಿಯ ಹೆಸರು. ಬ್ರಿಟನ್ನಿನ ಅದೆಷ್ಟೋ ಮನೆಗಳಲ್ಲಿ ಲೆಬಸ್ ಬೀರು ಇದೆ, ಹೆಸರು ಮನೆಯವರಿಗೇ ಗೊತ್ತಿಲ್ಲ.

ಮಧ್ಯಾಹ್ನ ಅರ್ನಲ್ಡ್ ಸರ್ಕಸ್. ಓಲ್ಡ್ ನಿಕಲ್ ಎಂಬ ಕೊಳೆಗೇರಿ ಕೆಡವಿ 1900ರಲ್ಲಿ ಉದ್ಘಾಟಿಸಿದ ಬೌಂಡರಿ ಎಸ್ಟೇಟ್ ಇದರ ಸುತ್ತ ಇದೆ. ಕೆಡವಿದ ಮನೆಗಳ ಮಣ್ಣೇ ನಡುವಿನ ದಿಬ್ಬ, ಮೇಲೆ ಬ್ಯಾಂಡ್‌ಸ್ಟ್ಯಾಂಡ್. ಮನೆಗಳ ಜೊತೆ ಕುಶಲಕರ್ಮಿಗಳಿಗೆ ವರ್ಕ್‌ಶಾಪುಗಳನ್ನೂ ಕಟ್ಟಿದ್ದರು. ಆದರೆ ಕೊಳೆಗೇರಿಯಲ್ಲಿದ್ದವರಿಗೆ ಬಾಡಿಗೆ ಎಟುಕಲಿಲ್ಲ. ಅವರು ಆಚೆ ಬೀದಿಗಳಿಗೆ ಸರಿದರು.

ಊಟ ಬ್ರಿಕ್ ಲೇನ್‌ನಲ್ಲಿ, ದಿನದ 24 ಗಂಟೆಯೂ ತೆರೆದಿರುವ ಬೈಗಲ್ ಬೇಕ್‌ನಲ್ಲಿ. ಬೈಗಲ್ ಅಂದರೆ ಮೊದಲು ನೀರಲ್ಲಿ ಬೇಯಿಸಿ ಆಮೇಲೆ ಸುಟ್ಟ ಬಳೆಯಾಕಾರದ ಬ್ರೆಡ್ಡು. ಕ್ರೀಮ್ ಚೀಸ್‌ನದು ಸಸ್ಯಾಹಾರಿ. ಸಾಲು ಉದ್ದ ಇದ್ದರೂ ಬೇಗ ಕರಗುತ್ತದೆ, ಕೌಂಟರಿಗೆ ಬರುವಷ್ಟರಲ್ಲಿ ಏನು ಬೇಕೆಂದು ತೀರ್ಮಾನಿಸಿರಬೇಕು. ತಡವರಿಸಿದವರಿಗೆ ಗದರಿಕೆ ಉಚಿತ. ಅದೇ ಬೀದಿಯ ದೊಡ್ಡ ಮಸೀದಿ 1743ರಲ್ಲಿ ಫ್ರೆಂಚ್ ಪ್ರೊಟೆಸ್ಟಂಟ್ ನೇಕಾರರು ಕಟ್ಟಿದ ಚರ್ಚು. 1898ರಲ್ಲಿ ಅದು ಯಹೂದಿ ಸಿನಗಾಗ್ ಆಯಿತು, 1976ರಲ್ಲಿ ಮಸೀದಿ. ಗೋಡೆ ಒಂದೇ, ಬಂದವರು ಬೇರೆ ಬೇರೆ.

ಹಾಕ್ಸ್‌ಟನ್ ಸ್ಟೇಷನ್ನಿಗೆ ಅಂಟಿಕೊಂಡಿರುವ ಮ್ಯೂಸಿಯಂ ಆಫ್ ದಿ ಹೋಮ್ ಈ ದಿನಕ್ಕೇ ಸೇರಿಸಿಕೊಳ್ಳಬಹುದು. ಪ್ರವೇಶ ಉಚಿತ, ಸೋಮವಾರ ರಜೆ. 1714ರ ಧರ್ಮಶಾಲೆಯ ಕಟ್ಟಡ. 1914ರಲ್ಲಿ ಇಲ್ಲಿ ಮ್ಯೂಸಿಯಂ ತೆರೆದದ್ದೇ ಸುತ್ತಲಿನ ಬಡಗಿಗಳು ಹಳೇ ಕೆಲಸ ನೋಡಿ ಕಲಿಯಲಿ ಎಂದು. ಸಾಲಾಗಿ ಬೇರೆ ಬೇರೆ ಕಾಲದ ಕೋಣೆಗಳು. ಹಗ್ಗದ ಈಚೆಯಿಂದಲೇ ನೋಡಬೇಕು; ಡ್ರಾಯರ್ ಎಳೆದು ಹಿಂಬದಿ ನೋಡುವ ಚಟ ಇರುವವರಿಗೆ ಕೈ ಕಡಿಯುತ್ತದೆ.

ದಿನ 3: ಟಾಟೆನ್‌ಹ್ಯಾಮ್ ಹೇಲ್

ಲಿವರ್‌ಪೂಲ್ ಸ್ಟ್ರೀಟ್‌ನಿಂದ ರೈಲಿನಲ್ಲಿ ಕಾಲು ತಾಸು. ಈ ರೈಲೇ ಕಥೆಯ ಅರ್ಧ. ಗ್ರೇಟ್ ಈಸ್ಟರ್ನ್ ಕಂಪನಿ ಕೂಲಿಯವರಿಗಾಗಿ ಅಗ್ಗದ ಬೆಳಗಿನ ರೈಲು ಓಡಿಸಿದ್ದರಿಂದ ಟಾಟೆನ್‌ಹ್ಯಾಮ್ ಸುತ್ತ ದುಡಿಯುವವರ ಸಾಲು ಮನೆಗಳೆದ್ದವು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಹ್ಯಾರಿಸ್ ಲೆಬಸ್ ಇಲ್ಲಿ ಹದಿಮೂರೂವರೆ ಎಕರೆ ಹಿಡಿದ. ಒಂದು ಮಗ್ಗುಲಿಗೆ ರೈಲು, ಇನ್ನೊಂದು ಮಗ್ಗುಲಿಗೆ ಲೀ ನದಿಯ ಕಾಲುವೆ. ಥೇಮ್ಸ್ ಡಾಕ್‌ಗಳಿಂದ ಮರ ಹೊತ್ತ ದೋಣಿ ನೇರ ಅಂಗಳಕ್ಕೇ ಬರಬಹುದು.

ಸ್ಟೇಷನ್ ಬಿಟ್ಟು ಫೆರಿ ಲೇನ್ ಹಿಡಿದು ಪೂರ್ವಕ್ಕೆ ನಡೆದರೆ ಎರಡೂ ಕಡೆ ಮನೆಗಳು. ಒಂದು ಕಡೆ 1970ರ ದಶಕದ ಇಟ್ಟಿಗೆಯ ಫೆರಿ ಲೇನ್ ಎಸ್ಟೇಟ್, ಇನ್ನೊಂದು ಕಡೆ ಗಾಜು-ಬಾಲ್ಕನಿಯ ಹೇಲ್ ವಿಲೇಜ್. ಕಾರ್ಖಾನೆ ನಿಂತಿದ್ದದ್ದು ಇಲ್ಲಿ. ಹೊಸ ಬಡಾವಣೆಯ ಒಂದು ಬೀದಿಗೆ ಲೆಬಸ್ ಸ್ಟ್ರೀಟ್ ಅಂತ ಹೆಸರಿಟ್ಟಿದ್ದಾರೆ. ಬೋರ್ಡಿನ ಕೆಳಗೆ ಯಾರೋ ಎಸೆದುಹೋದ ಲ್ಯಾಮಿನೇಟ್ ಕಪಾಟು ಮಳೆಯಲ್ಲಿ ನೆನೆದು ಬೋಂಡಾ ಹಿಟ್ಟಿನಂತೆ ಉಬ್ಬಿತ್ತು.

ಕಾರ್ಖಾನೆಯ ಕ್ರಮ ಹೀಗೆ. ದಿಮ್ಮಿ ಸೀಳಿ, ಹಲಗೆಗಳ ನಡುವೆ ಗಾಳಿಯಾಡಲು ಸಣ್ಣ ಪಟ್ಟಿ ಇಟ್ಟು ಪೇರಿಸುವುದು. ಒಂದಿಂಚು ದಪ್ಪದ ಓಕ್ ತಾನೇ ಒಣಗಲು ವರ್ಷ ಬೇಕು. ಬಿಸಿಗಾಳಿಯ ಕೋಣೆಗೆ ಹಾಕಿದರೆ ವಾರಗಳ ಮಾತು. ಅವಸರ ಮಾಡಿದರೆ ಹೊರಮೈ ಮೊದಲು ಒಣಗಿ ಬಿಗಿದು ಒಳಗೆ ಜೇನುಗೂಡಿನಂತೆ ಬಿರಿಯುತ್ತದೆ, ಸೀಳುವ ತನಕ ಹೊರಗೆ ಕಾಣುವುದೇ ಇಲ್ಲ. ಆಮೇಲೆ ಯಂತ್ರಗಳ ಸಾಲು. ಪ್ರತಿ ಭಾಗಕ್ಕೂ ಒಂದು ಅಚ್ಚು, ಆ ಅಚ್ಚಿಗೆ ಕೂರಿಸಿ ಕೊರೆದ ತೂತು ಪ್ರತಿ ಸಲವೂ ಅದೇ ಜಾಗಕ್ಕೆ. ನೂರು ಬೀರುವಿನ ನೂರು ಬಾಗಿಲಲ್ಲಿ ಯಾವುದನ್ನು ಎತ್ತಿಕೊಂಡರೂ ಯಾವುದಕ್ಕಾದರೂ ಕೂರಬೇಕು. ಓಣಿಯ ಬಡಗಿ ಬಾಗಿಲನ್ನು ಆ ಬೀರುವಿಗೇ ಹೆರೆದು ಕೂರಿಸುತ್ತಿದ್ದ. ಇಲ್ಲಿ ಹೆರೆಯಬೇಕಾಗಿ ಬಂದರೆ ಎಲ್ಲೋ ಅಚ್ಚು ತಪ್ಪಿದೆ ಎಂದರ್ಥ.

ಆ ಕಾಲದ ಫ್ಯಾಷನ್ ಕಪ್ಪುಗಂದು ಓಕ್. ಅದಕ್ಕೆ ಬಣ್ಣ ಬಳಿಯುತ್ತಿರಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ಸಾಮಾನು ಜೋಡಿಸಿ, ನೆಲದ ಮೇಲೆ ಬಟ್ಟಲುಗಳಲ್ಲಿ ಗಾಢ ಅಮೋನಿಯಾ ಇಟ್ಟು ಬಾಗಿಲು ಮುಚ್ಚುವುದು. ಓಕ್‌ನೊಳಗಿನ ಟ್ಯಾನಿನ್ ಎಂಬ ಒಗರು ಅಂಶ ಅಮೋನಿಯಾದ ಹಬೆಗೆ ಕಂದಾಗುತ್ತದೆ. ಮರದ ಹೊರ ಅಂಚಿನ ಬಿಳಿ ಭಾಗದಲ್ಲಿ ಟ್ಯಾನಿನ್ ಕಡಿಮೆ, ಅದು ಬಿಳಿಯಾಗೇ ಉಳಿದು ಪಟ್ಟೆ ಕಾಣುತ್ತದೆ. ಬೇರೆ ಬೇರೆ ಮರದ ಹಲಗೆ ಬೆರೆತರೂ ಅಷ್ಟೇ. ಬಾಗಿಲು ತೆರೆದವನು ಮೊದಲು ಕಣ್ಣು ಮುಚ್ಚಿಕೊಂಡು ಹಿಂದೆ ಓಡಬೇಕಿತ್ತು.

ಮಳೆ ಜೋರಾಯಿತು. ಕಾಲುವೆಯ ನೀರಿನ ಮಟ್ಟ ಏರಿಸಿ ಇಳಿಸುವ ಟಾಟೆನ್‌ಹ್ಯಾಮ್ ಲಾಕ್ ಹತ್ತಿರ ದೋಣಿಯೊಂದು ನೀರು ಇಳಿಯಲು ಕಾದಿತ್ತು. ಕೊಡೆ ಹಿಡಿದು ಅದನ್ನು ನೋಡುತ್ತಿದ್ದ ಹಿರಿಯರೊಬ್ಬರು ಲೆಬಸ್ ಅಂದ ತಕ್ಷಣ ಮೂಗಿಗೆ ಕೈ ಇಟ್ಟರು. “ನಮ್ಮಪ್ಪ ಮೂವತ್ತು ವರ್ಷ ಪಾಲಿಶ್ ಮನೆಯಲ್ಲಿದ್ದರು. ಕೋಟು ಬಾಗಿಲ ಹೊರಗೇ ತೂಗುಹಾಕಬೇಕು, ಅಮ್ಮನ ಕಟ್ಟಪ್ಪಣೆ. ಸೈರನ್ ಹೊಡೆದರೆ ಇಡೀ ಬೀದಿ ಸೈಕಲ್ ಆಗಿಬಿಡ್ತಿತ್ತು. ನೀವು ಯಾಕೆ ಹುಡುಕಿಕೊಂಡು ಬಂದಿರಿ?” ಅಂದರು. ಮರದ ವಿಮಾನ ನೋಡಲು ನಾಳೆ ಹೋಗುವುದಿದೆ ಎಂದಾಗ, “ಹಾಗಾದರೆ ಮುಟ್ಟಿ ನೋಡಿ, ತಟ್ಟಿ ನೋಡಿ. ನಮ್ಮಪ್ಪ ಯಾವ ಮೇಜು ಕಂಡರೂ ತಟ್ಟದೆ ಕೂರುತ್ತಿರಲಿಲ್ಲ” ಅಂದರು.

ಹ್ಯಾರಿಸ್ 1907ರಲ್ಲಿ ತೀರಿಕೊಂಡ. ಮುಂದೆ ಮಗ ಹರ್ಮನ್ ಕೈಗೂ ಬಂದ ಕಾರ್ಖಾನೆ ಎರಡು ಯುದ್ಧ ಕಂಡಿತು. ಮೊದಲನೆಯದರಲ್ಲಿ ಹ್ಯಾಂಡ್ಲಿ ಪೇಜ್ ಮತ್ತು ವಿಕರ್ಸ್ ವಿಮಿ ಬಾಂಬರ್‌ಗಳ ಕೆಲಸ. ಎರಡನೆಯದರಲ್ಲಿ ಗ್ಲೈಡರ್ ಎಂಬ ಎಂಜಿನ್ ಇಲ್ಲದ ವಿಮಾನಗಳು. ಜೊತೆಗೇ ಬಾಂಬು ಬಿದ್ದು ಮನೆ ಕಳಕೊಂಡವರಿಗೆ, ಹೊಸದಾಗಿ ಮದುವೆಯಾದವರಿಗೆ ಸರ್ಕಾರ ಪರ್ಮಿಟ್ ಮೇಲೆ ಕೊಟ್ಟ ಯುಟಿಲಿಟಿ ಫರ್ನಿಚರ್. 1942ರಲ್ಲಿ ಅದರ ಸಲಹಾ ಸಮಿತಿಯಲ್ಲಿ ಹರ್ಮನ್ ಲೆಬಸ್ ಕೂಡ ಇದ್ದರು. 1946ರಲ್ಲಿ ಸರ್ ಪದವಿ ಬಂತು. ಯುಟಿಲಿಟಿಯ ನಿಯಮ ಬಿಗಿ: ಮೊಳೆ ಹೊಡೆಯಬಾರದು, ತೂತಿಗೆ ಮರದ ತುದಿ ಕೂರಿಸಬೇಕು ಇಲ್ಲವೇ ಮರದ ಗೂಟ, ಉಳಿದಲ್ಲಿ ಸ್ಕ್ರೂ. ಪ್ಲೈವುಡ್ ವಿಮಾನಗಳಿಗೆ ಹೋಗಿತ್ತು, ಹಾಗಾಗಿ ಹಲಗೆಯ ಜಾಗದಲ್ಲಿ ವಿನಿಯರ್ ಹಚ್ಚಿದ ಹಾರ್ಡ್‌ಬೋರ್ಡ್. ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಸಿ41 ಎಂಬ ಮುದ್ರೆ ಹುಡುಕಿ. ಎರಡು ಸಿ ಅಕ್ಷರಗಳು ತುಂಡು ಕತ್ತರಿಸಿದ ಚೀಸಿನಂತೆ ಕಾಣುವುದರಿಂದ ಜನ ಅದನ್ನು ‘ಚೀಸ್’ ಅಂತಲೇ ಕರೆದರು. ಬೀರುವಿನ ಒಳಮೈ ಅಥವಾ ಡ್ರಾಯರ್‌ನಲ್ಲಿ ಇರುತ್ತದೆ. ಎಂಬತ್ತು ವರ್ಷ ಕಳೆದರೂ ಈ ಸಾಮಾನಿನ ಕೀಲು ಅಲ್ಲಾಡುವುದು ಅಪರೂಪ. ಕೆಡುವುದು ಹಾರ್ಡ್‌ಬೋರ್ಡ್, ಅದೂ ನೀರು ತಾಗಿದ ಕೆಳ ಅಂಚಿನಲ್ಲಿ.

ಯುದ್ಧದ ನಂತರ 1947ರಲ್ಲಿ ಮನೆತನದ ಕಂಪನಿ ಷೇರು ಮಾರುಕಟ್ಟೆಗೆ ಬಂತು, 1969ರಲ್ಲಿ ಇಲ್ಲಿಯ ಕಾರ್ಖಾನೆ ಮುಚ್ಚಿತು. ದೊಡ್ಡ ಕಾರ್ಖಾನೆಗೆ ಆರ್ಡರ್ ಎಡೆಬಿಡದೆ ಬರಬೇಕು. ಬ್ರಿಟನ್ನಿನ ಜನ ಫರ್ನಿಚರ್ ಕೊಳ್ಳುತ್ತಿದ್ದದ್ದು ಕಂತಿನಲ್ಲಿ. ಸರ್ಕಾರ ಹಣದುಬ್ಬರ ಹಿಡಿಯಲು ಕಂತಿನ ಮುಂಗಡ ಏರಿಸಿದಾಗೆಲ್ಲ ಆರ್ಡರ್ ನಿಂತುಬಿಡುತ್ತಿತ್ತು. ಓಣಿಯ ಬಡಗಿಯಾದರೆ ಬೆಂಚು ಮಡಚಿ ಇನ್ನೊಂದು ಕೆಲಸ ಹುಡುಕಿಕೊಳ್ಳುತ್ತಿದ್ದ. ಕಾಂಪೌಂಡಿನೊಳಗೆ ತಂದ ಬೀದಿಯನ್ನು ಮಡಚಲಾಗುವುದಿಲ್ಲ.

ಎದುರಿನ ವಾಲ್ಥಮ್‌ಸ್ಟೋ ವೆಟ್‌ಲ್ಯಾಂಡ್ಸ್‌ನ ಹಳೇ ಎಂಜಿನ್ ಮನೆಯಲ್ಲಿ ಕೆಫೆ ಇದೆ. ಒದ್ದೆ ಸಾಕ್ಸ್‌ನಲ್ಲಿ ಬಿಸಿ ಸೂಪು.

ದಿನ 4: ಲಂಡನ್ ಕಾಲ್ನಿ

ಹೈ ಬಾರ್ನೆಟ್ ತನಕ ನಾರ್ದರ್ನ್ ಲೈನ್, ಅಲ್ಲಿಂದ ಬಸ್ಸು. ಒಂದು ಸ್ಟಾಪು ಮೊದಲೇ ಇಳಿದದ್ದು ತಪ್ಪಾಯಿತು. ಮುಂದೆ ಕಾಲುದಾರಿಯೇ ಇಲ್ಲ, ಬೇಲಿಗೂ ಲಾರಿಗೂ ನಡುವೆ ಮೈ ಹಿಡಿ ಮಾಡಿಕೊಂಡು ಇಪ್ಪತ್ತು ನಿಮಿಷ. ಡ್ರೈವರ್‌ಗೆ ವಿಮಾನ ಮ್ಯೂಸಿಯಂ ಅಂತ ಹತ್ತುವಾಗಲೇ ಹೇಳಿಟ್ಟರೆ ಕ್ಷೇಮ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದಾಗಲೂ ವಾರವಿಡೀ ತೆರೆದಿರುವುದಿಲ್ಲ. ಹೊರಡುವ ಮುನ್ನ ನೋಡಿಕೊಳ್ಳಿ.

ಸಾಲಿಸ್‌ಬರಿ ಹಾಲ್ ಎಂಬ ಕಂದಕ ಸುತ್ತಿದ ಹಳೇ ಬಂಗಲೆಯ ಪಕ್ಕದಲ್ಲೇ ಡಿ ಹ್ಯಾವಿಲ್ಯಾಂಡ್ ವಿಮಾನ ಮ್ಯೂಸಿಯಂ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹಾರಿಸಿದ ಮರದ ಯುದ್ಧವಿಮಾನ ಮಾಸ್ಕಿಟೋದ ಮೊಟ್ಟಮೊದಲ ಮಾದರಿ ತಯಾರಾದದ್ದು ಇಲ್ಲೇ. 1940ರ ನವೆಂಬರ್ 25ರಂದು ಹ್ಯಾಟ್‌ಫೀಲ್ಡ್‌ನಿಂದ ಹಾರಿತು. ಅದೇ ವಿಮಾನ, ಅರಿಸಿನ ಬಣ್ಣದಲ್ಲಿ, ಕಣ್ಣೆದುರು ನಿಂತಿದೆ. ಬರ್ಚ್ ಪ್ಲೈವುಡ್ಡಿನ ಎರಡು ಪದರದ ನಡುವೆ ಸುಮಾರು 11 ಮಿಲಿಮೀಟರ್ ಬಾಲ್ಸಾ ಎಂಬ ಹಗುರ ಮರ. ಒಡಲನ್ನು ಕಡಲೆಕಾಯಿ ಸಿಪ್ಪೆಯ ಹಾಗೆ ಉದ್ದಕ್ಕೆ ಎರಡು ಹೋಳಾಗಿ ಅಚ್ಚಿನ ಮೇಲೆ ಮಾಡಿ, ತಂತಿ-ಕೊಳವೆ ಎಲ್ಲ ಕೂರಿಸಿ, ಆಮೇಲೆ ಹೋಳು ಸೇರಿಸುತ್ತಿದ್ದರು. 7,781 ವಿಮಾನಗಳು ಹೀಗೆ ಆದವು. ದೇಶದ ಫರ್ನಿಚರ್ ಮಾಡುವವರಲ್ಲಿ ಎಷ್ಟೋ ಮಂದಿ ಒಂದಲ್ಲ ಒಂದು ಭಾಗಕ್ಕೆ ಕೈ ಹಾಕಿದ್ದರು.

ಮೊದಲು ಬಳಸಿದ ಅಂಟು ಹಾಲಿನ ಪ್ರೋಟೀನಾದ ಕೇಸಿನ್‌ನದು. ತೇವಕ್ಕೆ ಅದು ಬೂಷ್ಟು ಹಿಡಿಯಿತು. ಆಮೇಲೆ ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಅಂಟು. ಒಂದು ಮೈಗೆ ಅಂಟು, ಇನ್ನೊಂದು ಮೈಗೆ ಗಟ್ಟಿ ಮಾಡುವ ಆಮ್ಲ, ಎರಡೂ ಕೂಡಿದಾಗಲೇ ಕೆಲಸ ಶುರು. ನೀರಿಗೆ ಜಗ್ಗುವುದಿಲ್ಲ. ಆದರೆ ಸಂದು ಒಂದೂ ಕಾಲು ಮಿಲಿಮೀಟರಿಗಿಂತ ಹೆಚ್ಚಿದ್ದರೆ ನಂಬಿಕೆಯಿಲ್ಲ, ತುಂಬಿದಂತೆ ಕಂಡರೂ ಒಳಗೆ ಬಿರಿದಿರುತ್ತದೆ. 1944ರ ಕೊನೆಗೆ ಭಾರತದಲ್ಲಿದ್ದ ಕೆಲವು ಮಾಸ್ಕಿಟೋಗಳ ರೆಕ್ಕೆಯ ಜೋಡಣೆ ಬಿಟ್ಟುಕೊಂಡಾಗ ಎಲ್ಲರೂ ಮಳೆಗಾಲವನ್ನು ಬೈದರು. ತೆಗೆದು ನೋಡಿದಾಗ ಕಂಡದ್ದರಲ್ಲಿ ಸರಿಯಾಗಿ ಕೂರದ ಜೋಡಣೆಯೂ ಸೇರಿತ್ತು. ಹವೆ ಕಾಯುತ್ತಾ ಕೂತಿರುವುದು ಇಂಥ ಸಂದಿಗೇ.

ಲೆಬಸ್ ನೋಡಲು ಬಂದವರು ನಿಲ್ಲಬೇಕಾದದ್ದು ಹೊರ್ಸಾ ಗ್ಲೈಡರಿನ ಒಡಲಿನ ಮುಂದೆ. ಎಂಜಿನ್ ಇಲ್ಲದ, ಇನ್ನೊಂದು ವಿಮಾನ ಎಳೆದೊಯ್ದು ಬಿಡುವ ಮರದ ವಾಹನ. 67 ಅಡಿ ಉದ್ದ, ರೆಕ್ಕೆಯ ಹರವು 88 ಅಡಿ, ಒಳಗೆ ಇಪ್ಪತ್ತೈದಕ್ಕೂ ಮಿಕ್ಕಿ ಸೈನಿಕರು. ಇದಕ್ಕೂ ಮೊದಲು ತರಬೇತಿಯ ಹಾಟ್‌ಸ್ಪರ್ ಗ್ಲೈಡರ್‌ಗಳು ಸಾವಿರದ ಲೆಕ್ಕದಲ್ಲಿ ಬಹುಪಾಲು ಲೆಬಸ್‌ನಲ್ಲೇ ಆಗಿದ್ದವು. ಟಾಟೆನ್‌ಹ್ಯಾಮ್‌ನ ಬಡಗಿಗಳ ಬಳಿ ವಿಮಾನ ನಿಲ್ದಾಣ ಎಲ್ಲಿಂದ ಬರಬೇಕು? ಅದಕ್ಕೇ ಹೊರ್ಸಾವನ್ನು 30 ಬಿಡಿ ಭಾಗಗಳಾಗಿ ಯೋಚಿಸಿದ್ದರು. ಒಬ್ಬರು ಮೂತಿ, ಒಬ್ಬರು ಬಾಲ, ಒಬ್ಬರು ರೆಕ್ಕೆ ಮಾಡಿ ಲಾರಿಯಲ್ಲಿ ವಾಯುಪಡೆಯ ಡಿಪೋಗೆ ಕಳಿಸುವುದು, ಅಲ್ಲಿ ಜೋಡಣೆ. ಯಾವ ರೆಕ್ಕೆ ಬಂದರೂ ಯಾವ ಒಡಲಿಗಾದರೂ ಕೂರಬೇಕು; ನೂರು ಬೀರು ನೂರು ಬಾಗಿಲಿನ ಅದೇ ಪಾಠ. 1941ರ ಸೆಪ್ಟೆಂಬರಿನಲ್ಲಿ ಹೊರ್ಸಾ ಮೊದಲು ಹಾರಿತು. ಅದೇ ವರ್ಷ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ವಿ. ಎಂ. ಘಾಟಗೆ ವಿನ್ಯಾಸ ಮಾಡಿದ ಜಿ-1 ಎಂಬ ಹತ್ತು ಜನರ ಗ್ಲೈಡರ್ ಹಾರಿತ್ತು. ಅದು ಒಂದೇ ಒಂದಾಗಿ ನಿಂತಿತು.

1944ರ ಜೂನ್ 5ರ ರಾತ್ರಿ ಫ್ರಾನ್ಸಿನ ಪೆಗಸಸ್ ಸೇತುವೆಯನ್ನೂ ಅದರ ಹತ್ತಿರದ ಇನ್ನೊಂದು ಸೇತುವೆಯನ್ನೂ ಹಿಡಿಯಲು ಹೊರಟದ್ದು ಆರು ಹೊರ್ಸಾಗಳು. ಇಳಿದ ಮೇಲೆ ಅವುಗಳ ಕೆಲಸ ಮುಗಿಯಿತು. ಬಹುಪಾಲು ಹೊರ್ಸಾಗಳು ಒಂದೇ ಸಲ ಬಳಸುವ ಸಾಮಾನು.

ಸ್ವಯಂಸೇವಕರೊಬ್ಬರು ಹಗ್ಗ ಸರಿಸಿ ಒಳಗೆ ಬಿಟ್ಟರು. ಬಳೆಯಂಥ ಮರದ ಪಕ್ಕೆಲುಬುಗಳು, ಅವುಗಳ ಮೇಲೆ ತೆಳು ಪ್ಲೈ. ಕೀಲುಗಳ ಅಂಚಿನಲ್ಲಿ ಒತ್ತಿದಾಗ ಹೊರಬಂದ ಅಂಟಿನ ಮಣಿಗಳು ಹಾಗೇ ಒಣಗಿ ನಿಂತಿವೆ. ಒರೆಸಲು ಯಾರಿಗೂ ಪುರುಸೊತ್ತಿರಲಿಲ್ಲ, ಒರೆಸುವ ಅಗತ್ಯವೂ ಇರಲಿಲ್ಲ. ಪಾಲಿಶ್ ಮನೆಯಲ್ಲಾದರೆ ಇದಕ್ಕೆ ಬೈಗುಳ ಬೀಳುತ್ತಿತ್ತು. ಒಂದು ಕಡೆ ಸಾಲಾಗಿ ಸಣ್ಣ ತೂತುಗಳು. “ಅಂಟು ಹಿಡಿಯುವ ತನಕ ಪ್ಲೈ ಒತ್ತಿಡಲು ಪಟ್ಟಿ ಇಟ್ಟು ಮೊಳೆ ಹೊಡೆದಿದ್ದರು, ಆಮೇಲೆ ಕಿತ್ತರು” ಅಂದರು ಅವರು. ಗೆಣ್ಣಿನಲ್ಲಿ ತಟ್ಟಬಹುದೇ ಎಂದು ಕೇಳಿದ್ದಕ್ಕೆ ಆಚೀಚೆ ನೋಡಿ, “ಮೆಲ್ಲಗೆ” ಅಂದರು.

ಮೂರು ಕಡೆ ತಟ್ಟಿದೆವು. ಎಲ್ಲೂ ಟೊಳ್ಳಿಲ್ಲ.